ಫಿಲ್ಟರ್ ಡಿಕಾಕ್ಷನ್ ಹಾಕಿ ಮಿಕ್ಸಿಯಲ್ಲಿ ಕೋಲ್ಡ್ ಕಾಫಿ: ಐದೇ ನಿಮಿಷಕ್ಕೆ ನೀರು ಕೆಳಗೆ, ನೊರೆ ಮೇಲೆ. ಏಕೆ?

ಡಿಕಾಕ್ಷನ್_ಪ್ರಿಯೆ

ಇನ್‌ಸ್ಟಂಟ್ ಪುಡಿ ಬೇಡ. ಮನೆಯ ಫಿಲ್ಟರ್‌ನಲ್ಲಿ ಇಳಿಸಿದ ಡಿಕಾಕ್ಷನ್‌ನಿಂದಲೇ, ಐಸ್ ಸಮೇತ ಅರೆದು ಕುಡಿಯುವ ಗಟ್ಟಿ ಕೋಲ್ಡ್ ಕಾಫಿ ಆಗಬೇಕು. ಈಗಿನ ಅಳತೆ ಹೀಗಿದೆ: ಆಗತಾನೇ ಇಳಿದ ಬಿಸಿ ಡಿಕಾಕ್ಷನ್ 60 ಮಿ.ಲೀ., ಕಾಯಿಸಿ ಆರಿಸಿದ ಹಾಲು 150 ಮಿ.ಲೀ., ಸಕ್ಕರೆ ಎರಡು ಟೀ ಚಮಚ, ಫ್ರಿಜ್ಜಿನ ಟ್ರೇಯಿಂದ ತೆಗೆದ ಐಸ್ ಕ್ಯೂಬ್ ಎಂಟು. 750 ವ್ಯಾಟ್ ಮಿಕ್ಸಿ, ಒಂದೂವರೆ ಲೀಟರಿನ ದೊಡ್ಡ ಜಾರ್, ಮೂರನೇ ಸ್ಪೀಡಿನಲ್ಲಿ ಒಂದೇ ಸಮ ಒಂದು ನಿಮಿಷ. ಪುಡಿ 70:30 ಚಿಕೋರಿ ಮಿಶ್ರಣ.

ಲೋಟಕ್ಕೆ ಸುರಿದ ಐದು ನಿಮಿಷಕ್ಕೆ ಕೆಳಗೆ ತೆಳು ನೀರು, ಮೇಲೆ ಒಣ ನೊರೆ. ಎರಡು ಮೂರು ಐಸ್ ತುಂಡು ಹಾಗೇ ಉಳಿದಿರುತ್ತವೆ. ಗಟ್ಟಿ ಹಾಲು ಹಾಕಿದ ದಿನ ಸಾಸಿವೆ ಕಾಳಿನಷ್ಟು ಬೆಣ್ಣೆಯ ಕಣಗಳು ತೇಲುತ್ತವೆ. ಕಾಫಿಯ ರುಚಿಯೂ ಸಪ್ಪೆ. ಇದರಲ್ಲಿ ಯಾವುದು ಅಳತೆಯ ದೋಷ, ಯಾವುದು ಮಿಕ್ಸಿಯ ದೋಷ? ತಿಳಿದವರು ಬಿಡಿಸಿ ಹೇಳಿ.

ಗಸಿ_ಇಲ್ಲದ_ಕಾಫಿ

ಮೇಡಂ, ಮೊದಲ ದೋಷ ಬಿಸಿ ಡಿಕಾಕ್ಷನ್. ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಫ್ರೀಜರ್‌ನ −18 ಡಿಗ್ರಿಯಿಂದ ಸೊನ್ನೆಗೆ ಬರುವಾಗ ಅದು ಇನ್ನೊಂದು 9 ಕ್ಯಾಲೊರಿ ಹೀರುತ್ತದೆ. ನಿಮ್ಮ 60 ಮಿ.ಲೀ. ಡಿಕಾಕ್ಷನ್ 80 ಡಿಗ್ರಿಯಲ್ಲಿದೆ ಎಂದುಕೊಂಡರೆ ಅದನ್ನು ಸೊನ್ನೆಗೆ ಇಳಿಸಲು 4800 ಕ್ಯಾಲೊರಿ ತೆಗೆಯಬೇಕು. ಕೋಣೆಯ ಬಿಸಿಯಲ್ಲಿರುವ 150 ಮಿ.ಲೀ. ಹಾಲಿಗೆ ಹೆಚ್ಚುಕಡಿಮೆ 4000. ಎರಡೂ ಸೇರಿ ಸುಮಾರು 100 ಗ್ರಾಂ ಐಸ್ ಜಾರಿನೊಳಗೇ ನೀರಾಯಿತು. ಟ್ರೇಯ ಒಂದು ಕ್ಯೂಬ್ 20 ಗ್ರಾಂ ಹಿಡಿದರೆ ನೀವು ಹಾಕಿದ್ದೇ 160 ಗ್ರಾಂ. ಮಿಕ್ಕ 60 ಗ್ರಾಂನಿಂದ ಗಟ್ಟಿತನ ಎಲ್ಲಿಂದ ಬರಬೇಕು? ಅದೇ ಡಿಕಾಕ್ಷನ್, ಅದೇ ಹಾಲು ಫ್ರಿಜ್ಜಿನಲ್ಲಿ 5 ಡಿಗ್ರಿಗೆ ತಣಿದಿದ್ದರೆ ಕರಗುವುದು 11–12 ಗ್ರಾಂ ಮಾತ್ರ. ಐಸ್ ಇರುವುದು ಗಟ್ಟಿತನಕ್ಕೆ. ತಣಿಸುವ ಕೆಲಸ ಫ್ರಿಜ್ ಮಾಡಲಿ.

ಎರಡನೆಯದು ಡಿಕಾಕ್ಷನ್‌ನ ಹದ. 60 ಮಿ.ಲೀ. ಅಂದರೆ ಎಷ್ಟು ಪುಡಿಯಿಂದ ಇಳಿದದ್ದು ಅನ್ನುವುದು ಮುಖ್ಯ. ಕೋಲ್ಡ್ ಕಾಫಿಗೆ 40 ಗ್ರಾಂ ಪುಡಿಗೆ 150ರಿಂದ 160 ಮಿ.ಲೀ. ನೀರು ಸಾಕು. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಹುಯ್ಯಿರಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ಇಳಿಯುವುದು 70–80 ಮಿ.ಲೀ. ಅದೇ ಒಂದು ದೊಡ್ಡ ಲೋಟಕ್ಕೆ. ಎರಡನೇ ಸಲ ನೀರು ಹುಯ್ದು ಇಳಿಸಿದ್ದನ್ನು ಇದಕ್ಕೆ ಬೆರೆಸಬೇಡಿ, ಅದು ಬೆಳಗಿನ ಬಿಸಿ ಕಾಫಿಗೆ ಸರಿ. ಫಿಲ್ಟರ್‌ನಲ್ಲಿ ಪುಡಿಯ ಮೇಲಿಡುವ ತೂತಿನ ತಟ್ಟೆಯನ್ನು ಸುಮ್ಮನೆ ಕೂರಿಸಿ, ಒತ್ತಿದರೆ ನೀರು ಇಳಿಯದೆ ನಿಲ್ಲುತ್ತದೆ.

ಸಕ್ಕರೆಯನ್ನು ಡಿಕಾಕ್ಷನ್ ಬಿಸಿಯಿರುವಾಗಲೇ ಕರಗಿಸಿ, ಆಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ತಣ್ಣನೆಯ ಹಾಲಿಗೆ ಹಾಕಿದ ಸಕ್ಕರೆ ಪೂರ್ತಿ ಕರಗುವುದಿಲ್ಲ, ತಳದಲ್ಲಿ ಮರಳಿನಂತೆ ಕೂರುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಆದ್ದರಿಂದ ಎರಡು ಟೀ ಚಮಚ ಸಾಲದು. 20ರಿಂದ 25 ಗ್ರಾಂ, ಅಂದರೆ ಎರಡು ಊಟದ ಚಮಚ ಬೇಕು. ನಿಮಗೆ ಸಪ್ಪೆ ಅನ್ನಿಸಿದ್ದಕ್ಕೆ ಅರ್ಧ ಕಾರಣ ಇದೇ.

ಒಂದು ಲೋಟಕ್ಕೆ ನನ್ನ ಅಳತೆ: ತಣ್ಣನೆಯ ಸಿಹಿ ಡಿಕಾಕ್ಷನ್ 70 ಮಿ.ಲೀ., ತಣ್ಣನೆಯ ಹಾಲು 90 ಮಿ.ಲೀ., ಕೆನೆ ತೆಗೆದ ಹಾಲಿನ ಪುಡಿ ಒಂದು ಊಟದ ಚಮಚ, ಐಸ್ 150 ಗ್ರಾಂ. ಹಾಲಿನ ಪುಡಿ ಬಿಡಬೇಡಿ. ಅದರ ಪ್ರೋಟೀನ್‌ನಿಂದಲೇ ನೊರೆ ಸಣ್ಣದಾಗಿ ಕಟ್ಟಿಕೊಂಡು ನಿಲ್ಲುತ್ತದೆ.

ಬೆಣ್ಣೆಯ ಕಣಗಳಿಗೆ ಕಾರಣ ಹಾಲಿನ ಕೆನೆ. ಶೇ. 6 ಕೊಬ್ಬಿನ ಹಾಲನ್ನು ಕಾಯಿಸಿ ಆರಿಸಿದರೆ ದಪ್ಪ ಕೆನೆ ಕಟ್ಟುತ್ತದೆ. ಅದನ್ನು ತಣ್ಣಗೆ ಒಂದು ನಿಮಿಷ ಮಿಕ್ಸಿಯಲ್ಲಿ ತಿರುಗಿಸುವುದೆಂದರೆ ಕಡೆಗೋಲು ಹಾಕಿ ಬೆಣ್ಣೆ ತೆಗೆದಂತೆಯೇ. ಟೀ ಸೋಸುವ ಜಾಲರಿಯಲ್ಲಿ ಹಾಲು ಸೋಸಿ ಹಾಕಿ, ಅಥವಾ ಶೇ. 3 ಕೊಬ್ಬಿನ ಟೋನ್ಡ್ ಹಾಲು ಬಳಸಿ. ತಿರುಗಿಸುವ ಸಮಯವನ್ನೂ ಇಳಿಸಿ.

ಮಿಕ್ಸಿ_ರಿಪೇರಿ

ಮಿಕ್ಸಿಯ ಭಾಗ ನಾನು ಹೇಳುತ್ತೇನೆ.

ಒಂದೂವರೆ ಲೀಟರಿನ ಜಾರಿಗೆ 200 ಮಿ.ಲೀ. ದ್ರವ ಹಾಕಿದರೆ ಬ್ಲೇಡ್ ಸರಿಯಾಗಿ ಮುಳುಗುವುದಿಲ್ಲ. ಒಂದು ಲೋಟಕ್ಕೆ ಒಂದು ಲೀಟರಿನ ಮಧ್ಯದ ಜಾರ್ ತೆಗೆದುಕೊಳ್ಳಿ. ಎರಡು ಮೂರು ಲೋಟ ಒಟ್ಟಿಗೆ ಮಾಡುವುದಾದರೆ ದೊಡ್ಡದು. ಚಟ್ನಿ ಜಾರ್ ಬೇಡ, ಅದರಲ್ಲಿ ಐಸಿಗೆ ಮೇಲೆದ್ದು ತಿರುಗಿ ಬೀಳಲು ಜಾಗವೇ ಇಲ್ಲ. ಬ್ಲೇಡಿನಡಿ ಸಿಕ್ಕಿಕೊಂಡು ಮೋಟಾರ್ ನಿಲ್ಲುತ್ತದೆ.

ನೇರ ಮೂರನೇ ಸ್ಪೀಡಿಗೆ ತಿರುಗಿಸಿದರೆ ಕ್ಯೂಬುಗಳು ಗೋಡೆಗೆ ಎಸೆಯಲ್ಪಟ್ಟು, ನಡುವೆ ಗಾಳಿಯ ಗುಂಡಿಯಾಗಿ, ಬ್ಲೇಡ್ ಬರಿದೇ ಸುತ್ತುತ್ತದೆ. ಸದ್ದು ಒಮ್ಮೆಗೇ ಹಗುರಾಗಿ ಕಿರುಚಿದಂತೆ ಬಂದರೆ ಅದೇ ಗುರುತು. ನಿಮ್ಮ ಐಸ್ ತುಂಡುಗಳು ಉಳಿಯುವುದು ಹೀಗೆ. ಕ್ರಮ ಹೀಗಿರಲಿ: ಮೊದಲು ದ್ರವ, ಆಮೇಲೆ ಹಾಲಿನ ಪುಡಿ, ಕೊನೆಗೆ ಐಸ್. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಎರಡೇಟು ಹಾಕಿ ಅಡಿಕೆಯ ಗಾತ್ರಕ್ಕೆ ಒಡೆದುಕೊಳ್ಳಿ. ನಾಬನ್ನು ಎಡಕ್ಕೆ ಪಲ್ಸ್‌ಗೆ ತಿರುಗಿಸಿ ಒಂದೊಂದು ಸೆಕೆಂಡಿನಂತೆ ಆರೆಂಟು ಸಲ ಬಿಟ್ಟು ಬಿಟ್ಟು ಹೊಡೆಯಿರಿ. ಗಡಗಡ ಸದ್ದು ಸಣ್ಣದಾದ ಮೇಲೆ ಎರಡನೇ ಸ್ಪೀಡಿನಲ್ಲಿ 20 ಸೆಕೆಂಡ್. ಅಷ್ಟೇ. ಹೆಚ್ಚು ಹೊತ್ತು ಓಡಿಸಿದರೆ ಬ್ಲೇಡಿನ ತಿಕ್ಕಾಟದ ಬಿಸಿಗೇ ಐಸ್ ಕರಗುತ್ತದೆ. ನಡುವೆ ಗಾಳಿಯ ಗುಂಡಿ ಬಿದ್ದರೆ ನಿಲ್ಲಿಸಿ, ಜಾರ್ ತೆಗೆದು ಕುಲುಕಿ, ಎರಡು ಚಮಚ ಹಾಲು ಹಾಕಿ ಮತ್ತೆ ಪಲ್ಸ್ ಮಾಡಿ.

ಬಾಟಲಿ ತಲೆಕೆಳಗು ಮಾಡಿ ಕೂರಿಸುವ ಸಣ್ಣ ಬ್ಲೆಂಡರ್ ಇರುವವರಿಗೆ ಕ್ರಮ ಉಲ್ಟಾ: ಐಸ್ ಮೊದಲು, ದ್ರವ ಕೊನೆಗೆ.

ಮಿಕ್ಸಿ ದಿಢೀರನೆ ನಿಂತರೆ ಸುಟ್ಟಿತೆಂದು ಹೆದರಬೇಡಿ. ನಾಬ್ ಸೊನ್ನೆಗೆ ತಂದು, ಪ್ಲಗ್ ತೆಗೆದು, ಕೆಲವು ನಿಮಿಷ ಆರಲು ಬಿಟ್ಟು, ತಳದಲ್ಲಿರುವ ಓವರ್‌ಲೋಡ್ ಬಟನ್ ಒತ್ತಿ. ಹೆಚ್ಚಿನ ಮಿಕ್ಸಿಗಳಲ್ಲಿ ಅದು ಕೆಂಪು ಬಣ್ಣದ್ದು. ಮೋಟಾರ್ ತಿರುಗುವ ಸದ್ದಿದ್ದೂ ಬ್ಲೇಡ್ ತಿರುಗದಿದ್ದರೆ ಜಾರಿನ ತಳದ ಕಪ್ಲರ್, ಅಂದರೆ ಮೋಟಾರಿಗೆ ಕಚ್ಚಿಕೊಳ್ಳುವ ಭಾಗದ ಹಲ್ಲು ಸವೆದಿದೆ. ಇಡೀ ಕ್ಯೂಬ್ ಹಾಕಿ ಪದೇಪದೇ ಅರೆದರೆ ಮೊದಲು ಹೋಗುವ ಭಾಗ ಅದೇ. ಪಾರದರ್ಶಕ ಪ್ಲಾಸ್ಟಿಕ್ ಜಾರಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಐಸ್ ಹಾಕುವುದನ್ನು ನಿಲ್ಲಿಸಿ, ಸ್ಟೀಲ್ ಜಾರಿಗೆ ಬನ್ನಿ.

ಬಿಸಿ ಡಿಕಾಕ್ಷನ್ ಹಾಕಬಾರದೆನ್ನಲು ಇನ್ನೊಂದು ಕಾರಣವಿದೆ. ಮುಚ್ಚಿದ ಜಾರಿನಲ್ಲಿ ಬಿಸಿ ದ್ರವ ಚಿಮ್ಮಿದಾಗ ಒಳಗಿನ ಆವಿ, ಗಾಳಿ ಒಮ್ಮೆಗೇ ಹಿಗ್ಗಿ ಮುಚ್ಚಳವನ್ನು ಮೇಲಕ್ಕೆತ್ತುತ್ತದೆ, ಕೈ ಸುಡುತ್ತದೆ.

ಎಸ್ಟೇಟ್_ರಸ್ತೆ

ಪುಡಿಯ ಬಗ್ಗೆ ಯಾರೂ ಹೇಳಲಿಲ್ಲ. 30 ಭಾಗ ಚಿಕೋರಿ ಕೋಲ್ಡ್ ಕಾಫಿಗೆ ಹೆಚ್ಚು. ಚಿಕೋರಿ ಡಿಕಾಕ್ಷನ್‌ಗೆ ಬಣ್ಣ, ಮಂದತನ ಕೊಡುತ್ತದೆ, ಆದರೆ ತಣ್ಣಗಾದಾಗ ಕಾಫಿಯ ಪರಿಮಳ ಅಡಗಿ ಅದರ ಸುಟ್ಟ ಸಕ್ಕರೆಯ ಕಹಿ ಮುಂದೆ ಬರುತ್ತದೆ. 85:15 ಸಾಕು. ಪೊಟ್ಟಣದ ಮೇಲೆ ಪ್ರಮಾಣ ಅಚ್ಚಾಗಿರುತ್ತದೆ, ಓದಿ ಕೊಳ್ಳಿ; ಕಾನೂನು ಶೇ. 49ರವರೆಗೆ ಚಿಕೋರಿಗೆ ಅವಕಾಶ ಕೊಡುತ್ತದೆ, ಅಗ್ಗದ ಪೊಟ್ಟಣಗಳು ಆ ಅಂಚಿನ ಹತ್ತಿರವೇ ಇರುತ್ತವೆ.

ಪುಡಿ ಮಾಡಿಕೊಡುವ ಅಂಗಡಿ ಹತ್ತಿರವಿದ್ದರೆ ಅರ್ಧ ಪೀಬೆರಿ ಅಥವಾ ಪ್ಲಾಂಟೇಷನ್ ಎ (ಅರೇಬಿಕಾ ಬೀಜದ ದರ್ಜೆಗಳು), ಅರ್ಧ ರೋಬಸ್ಟಾ ಪಾರ್ಚ್‌ಮೆಂಟ್ (ತೊಳೆದ ರೋಬಸ್ಟಾ) ಕೇಳಿ, ಹುರಿತ ಸ್ವಲ್ಪ ಗಾಢವಾಗಿರಲಿ. ಬರೀ ಅರೇಬಿಕಾದ ನಯವಾದ ಪರಿಮಳ ಹಾಲು, ಸಕ್ಕರೆ, ಐಸ್ ಮೂರರ ಕೆಳಗೆ ಕಾಣೆಯಾಗುತ್ತದೆ. ಕೊಡಗಿನ ತೊಳೆದ ರೋಬಸ್ಟಾಕ್ಕೆ ಅವನ್ನು ಸೀಳಿಕೊಂಡು ಬರುವ ಗಡಸು ಇದೆ. ಬಿಸಿ ಕಾಫಿಗೆ ಒರಟು ಅನ್ನಿಸುವ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ಇನ್‌ಸ್ಟಂಟ್ ಪುಡಿಯಂಥ ಎತ್ತರದ ನೊರೆ ಡಿಕಾಕ್ಷನ್‌ನಿಂದ ಬರುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. 1957ರಲ್ಲಿ ಥೆಸಲೋನಿಕಿಯ ಮೇಳದಲ್ಲಿ ಹುಟ್ಟಿದ ಗ್ರೀಕರ ಫ್ರಾಪೆ ಇನ್‌ಸ್ಟಂಟ್ ಪುಡಿಯನ್ನು ನೀರಿನೊಡನೆ ಕುಲುಕಿ ಮಾಡುವಂಥದ್ದು. ಆ ಪುಡಿಯಲ್ಲಿ ಎಣ್ಣೆಯ ಅಂಶ ತೀರಾ ಕಡಿಮೆ, ಅದಕ್ಕೇ ನೊರೆ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಫಿಲ್ಟರ್‌ನ ತೂತುಗಳಲ್ಲಿ ಕಾಫಿಯ ಎಣ್ಣೆಯೂ ಇಳಿಯುತ್ತದೆ, ಎಣ್ಣೆ ನೊರೆಯನ್ನು ಒಡೆಯುತ್ತದೆ. ಐಸನ್ನೇ ಅರೆದು ಮಾಡುವ ಪಾನೀಯ ಬೇರೆಯೇ ಜಾತಿ. ಸ್ಟಾರ್‌ಬಕ್ಸ್ 1995ರಲ್ಲಿ ತನ್ನ ಅಂಗಡಿಗಳಲ್ಲಿ ತಂದ ಫ್ರಾಪುಚಿನೊ ಈ ಜಾತಿಯದ್ದು. ನೀವು ಕೇಳುತ್ತಿರುವುದೂ ಇದೇ.

ಡಿಕಾಕ್ಷನ್_ಪ್ರಿಯೆ

ಎಲ್ಲರಿಗೂ ಧನ್ಯವಾದ. ಅಂಗಡಿಯ ಕೋಲ್ಡ್ ಕಾಫಿ ಅರ್ಧ ಗಂಟೆಯಾದರೂ ಬೇರ್ಪಡುವುದಿಲ್ಲವಲ್ಲ, ಅದಕ್ಕೆ ಏನು ಹಾಕುತ್ತಾರೆ? ಮನೆಯಲ್ಲಿ ಸಿಗುವ ಬದಲಿ ಇದೆಯೇ? ಐಸ್ ಕ್ರೀಂ ಹಾಕಿದರೆ ಸಾಕೇ? ಸಕ್ಕರೆ ಬದಲು ಬೆಲ್ಲ ನಡೆಯುತ್ತದೆಯೇ?

ಗಸಿ_ಇಲ್ಲದ_ಕಾಫಿ

ಹಾಕುವುದು ಗಟ್ಟಿ ಹಿಡಿಸುವ ಗಮ್, ಹೆಚ್ಚಾಗಿ ಜಾಂಥನ್. ಕರಗಿದ ನೀರನ್ನು ಅದು ಹಿಡಿದಿಡುತ್ತದೆ, ಐಸಿನ ಕಣಗಳು ತೇಲಿ ಮೇಲೆ ಬರದಂತೆ ತಡೆಯುತ್ತದೆ. ಮೇಲಿನ ಅಳತೆಗೆ ಒಂದು ಟೀ ಚಮಚದ ಎಂಟನೇ ಒಂದು ಭಾಗ, ಸುಮಾರು 0.3 ಗ್ರಾಂ. ಇದಕ್ಕಿಂತ ಹೆಚ್ಚಾದರೆ ಲೋಳೆ ಲೋಳೆಯಾಗುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ. ನೇರವಾಗಿ ದ್ರವಕ್ಕೆ ಉದುರಿಸಿದರೆ ಗಂಟು ಕಟ್ಟುತ್ತದೆ. ಒಂದು ಚಮಚ ಸಕ್ಕರೆಯ ಜೊತೆ ಒಣಗಿದ್ದಾಗಲೇ ಬೆರೆಸಿ, ಐಸ್ ಹಾಕುವ ಮೊದಲು ಹಾಲು ಡಿಕಾಕ್ಷನ್ ಜೊತೆ ಹತ್ತು ಸೆಕೆಂಡ್ ತಿರುಗಿಸಿ. ಗೋರಿಕಾಯಿ ಬೀಜದಿಂದ ಮಾಡುವ ಗ್ವಾರ್ ಗಮ್ ಕೂಡ ತಣ್ಣೀರಿನಲ್ಲೇ ಕೆಲಸ ಮಾಡುತ್ತದೆ, ಅಳತೆ ಸ್ವಲ್ಪ ಹೆಚ್ಚು ಬೇಕು.

ಗಮ್ ಬೇಡವೆಂದರೆ ಕಾರ್ನ್‌ಫ್ಲೋರ್. 200 ಮಿ.ಲೀ. ತಣ್ಣನೆಯ ಹಾಲಿನಲ್ಲಿ ಒಂದು ಮಟ್ಟದ ಟೀ ಚಮಚ ಕದಡಿ, ಒಲೆಯ ಮೇಲಿಟ್ಟು ಕೈಯಾಡಿಸುತ್ತಾ ಕುದಿ ಬಂದ ಮೇಲೆ ಒಂದು ನಿಮಿಷ ಕಾಯಿಸಿ. ಹಸಿಯಾಗಿ ಹಾಕಿದರೆ ಮಂದವಾಗುವುದಿಲ್ಲ, ಹಿಟ್ಟಿನ ರುಚಿ ಮಾತ್ರ ಉಳಿಯುತ್ತದೆ. ಪೂರ್ತಿ ತಣಿಸಿ, 90 ಮಿ.ಲೀ. ಹಾಲಿನ ಜಾಗದಲ್ಲಿ ಇದನ್ನೇ ಬಳಸಿ.

ಐಸ್ ಕ್ರೀಂ ಹಾಕಿದರೂ ನಿಲ್ಲುತ್ತದೆ, ಏಕೆಂದರೆ ಅದರಲ್ಲೇ ಇಂಥ ಗಮ್ ಇರುತ್ತದೆ. ಆದರೆ ವೆನಿಲಾ ಡಿಕಾಕ್ಷನ್‌ನ ಪರಿಮಳವನ್ನು ನುಂಗುತ್ತದೆ. ಅಷ್ಟು ಕಷ್ಟಪಟ್ಟು ಡಿಕಾಕ್ಷನ್ ಇಳಿಸಿ ಕೊನೆಗೆ ಮಿಲ್ಕ್‌ಶೇಕ್ ಕುಡಿಯುವುದು ನನಗೆ ಒಪ್ಪಿಗೆಯಿಲ್ಲ. ಹಾಕಲೇಬೇಕಿದ್ದರೆ ಒಂದು ಸಣ್ಣ ಸ್ಕೂಪ್, ಸಕ್ಕರೆ ಅರ್ಧಕ್ಕಿಳಿಸಿ. ಡಬ್ಬಿಯ ಮೇಲೆ ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದು ಸಸ್ಯಜನ್ಯ ಕೊಬ್ಬಿನದ್ದು, ತಣ್ಣಗೆ ಬಾಯಿಯ ಮೇಲ್ಭಾಗಕ್ಕೆ ಜಿಡ್ಡು ಹಿಡಿಯುತ್ತದೆ.

ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುವ ಭಯ. ಬೆಲ್ಲಕ್ಕೆ ಅದರ ಅರ್ಧದಷ್ಟು ನೀರು ಹಾಕಿ ಕರಗಿಸಿ, ಸೋಸಿ, ತಣಿಸಿ ಆಮೇಲೆ ತಣ್ಣನೆಯ ಹಾಲಿಗೆ ಬೆರೆಸಿ. ಸೋಸುವುದು ತಪ್ಪಿಸಬೇಡಿ, ಮರಳು ಇರುತ್ತದೆ.

ಎಸ್ಟೇಟ್_ರಸ್ತೆ

ಗಮ್ಮೂ ಇಲ್ಲದೆ, ನೀರಿನ ಐಸೂ ಇಲ್ಲದೆ ಮಾಡುವ ದಾರಿಯೊಂದಿದೆ. ನನಗೆ ಇದೇ ಮೇಲು. ಸಿಹಿ ಡಿಕಾಕ್ಷನ್ 70 ಮಿ.ಲೀ., ಹಾಲು 90 ಮಿ.ಲೀ., ಹಾಲಿನ ಪುಡಿ ಬೆರೆಸಿ ಟ್ರೇಯಲ್ಲೇ ಹೆಪ್ಪುಗಟ್ಟಿಸಿ. ರಾತ್ರಿ ಇಟ್ಟರೆ ಬೆಳಿಗ್ಗೆಗೆ ತಯಾರು. ಸಕ್ಕರೆ ಇರುವುದರಿಂದ ಈ ಕ್ಯೂಬ್ ಕಲ್ಲಿನಂತಾಗುವುದಿಲ್ಲ, ಮಿಕ್ಸಿಗೆ ಹೊರೆಯೂ ಕಡಿಮೆ. ಮೂರು ನಿಮಿಷ ಹೊರಗಿಟ್ಟು, 80 ಮಿ.ಲೀ. ತಣ್ಣನೆಯ ಹಾಲಿನೊಡನೆ ಪಲ್ಸ್ ಮಾಡಿ. ಕರಗಿದರೂ ಕರಗುವುದು ಕಾಫಿಯೇ, ಆದ್ದರಿಂದ ಲೋಟದ ತಳದಲ್ಲಿ ನೀರು ನಿಲ್ಲುವ ಪ್ರಶ್ನೆಯಿಲ್ಲ. ಟ್ರೇಗೆ ಮುಚ್ಚಳ ಹಾಕಿ. ಹಾಲಿನ ಕ್ಯೂಬ್ ಫ್ರೀಜರ್‌ನ ಮೀನು, ಮಸಾಲೆಯ ವಾಸನೆಯನ್ನು ಬೇಗ ಹೀರುತ್ತದೆ. ನಾಲ್ಕೈದು ದಿನದೊಳಗೆ ಬಳಸಿ.

ಮಿಕ್ಸಿ_ರಿಪೇರಿ

ವಾಸನೆ ಎಂದಿರಿ, ನೆನಪಾಯಿತು. ಬೆಳ್ಳುಳ್ಳಿ, ಇಂಗು ಅರೆದ ಜಾರ್ ಎಷ್ಟು ತೊಳೆದರೂ ಕಾಫಿಗೆ ವಾಸನೆ ಬಂದರೆ ಜಾರನ್ನು ದೂರಬೇಡಿ, ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ತೆಗೆದು ಮೂಸಿ ನೋಡಿ. ಅದನ್ನು ಬಿಸಿನೀರಿಗೆ ಒಂದು ಚಮಚ ಅಡಿಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಬಿಸಿಲಿನಲ್ಲಿ ಒಣಗಿಸಿ. ಹೋಗದಿದ್ದರೆ ಕಾಫಿಗೆಂದೇ ಇನ್ನೊಂದು ಗ್ಯಾಸ್ಕೆಟ್ ತಂದಿಟ್ಟುಕೊಳ್ಳಿ, ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದನ್ನು ಅಳತೆಗೆ ಒಯ್ಯಿರಿ. ಜಾರಿನ ತಳದಿಂದ ಹಾಲು ಸೋರಿ ಕಪ್ಲರ್ ಸುತ್ತ ಕಪ್ಪು ಅಂಟು ಕಂಡರೆ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಬಳೆ ಸವೆದಿದೆ. ಅದನ್ನು ಬದಲಿಸುವವರೆಗೆ ಆ ಜಾರಿನಲ್ಲಿ ಹಾಲಿನದ್ದೇನೂ ಅರೆಯಬೇಡಿ, ಸೋರಿದ್ದು ಮೋಟಾರಿನೊಳಗೆ ಇಳಿಯುತ್ತದೆ.