ಖಾಂಡವ ವೀರರು ಯಾರ ತಂಡ?

ಭಾನುವಾರ ಬೆಳಿಗ್ಗೆ ಸರೋಜತ್ತೆ ನಮ್ಮ ‘ಗುಂಡ್ಲುಪೇಟೆ ಮನೆ’ ಗುಂಪಿಗೆ ಇದನ್ನು ಹಾಕಿದರು. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಜೋಡಿ ಬಾಣದ ಗುರುತು ಆಗಲೇ ಬಿದ್ದಿತ್ತು.

‘ಶಾಲೆಯಲ್ಲಿ ಕಲಿಸದ ಸತ್ಯ!! ಪ್ರಪಂಚದ ಮೊದಲ ಫೈರ್ ಬ್ರಿಗೇಡ್ ನಮ್ಮದು. ಅದು ಕಬಡ್ಡಿ ತಂಡ! ಹೆಸರು ಖಾಂಡವ ವೀರರು. ನಾಯಕ ಐರಾವತದ ಮೊಮ್ಮಗ ಜಲದಂತ. ಬಲಗಡೆ ಐದು ಹೆಡೆಯ ನಾಗ, ಎಡಗಡೆ ಮೋಡದ ಮಗಳು ತುಂತುರು. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತಾ ಜ್ವಾಲೆಯೊಳಗೆ ನುಗ್ಗಿ, ಬೆಂಕಿಯನ್ನು ಮುಟ್ಟಿ ಗೆರೆಗೆ ವಾಪಸ್ ಬಂದರೆ ಬೆಂಕಿ ಔಟ್. ಅಗ್ನಿ ಏಳು ಸಲ ಸೋತ. ಅದಕ್ಕೇ ಕಬಡ್ಡಿಯಲ್ಲಿ ಏಳು ಜನ! ಹತ್ತು ಗುಂಪಿಗೆ ಕಳಿಸಿ.’

ಸರೋಜತ್ತೆ: ನೋಡಿ, ನಮ್ಮವರು ಆಗಲೇ ಎಷ್ಟು ಮುಂದಿದ್ದರು. ಓದಿ ಮೈ ಜುಮ್ ಅಂತು.

ರಾಘು: ಅತ್ತೆ, ಇದು ಯಾವ ಗ್ರಂಥದಲ್ಲಿದೆ? ಯಾವ ಪರ್ವ, ಯಾವ ಅಧ್ಯಾಯ? ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಬಂದಿದ್ದೇ 1990ರಲ್ಲಿ, ಬೀಜಿಂಗ್‌ನಲ್ಲಿ.

ದೊಡ್ಡಪ್ಪ: ಎಲ್ಲದಕ್ಕೂ ಸಾಕ್ಷಿ ಕೇಳುವ ಬುದ್ಧಿ ಒಳ್ಳೆಯದಲ್ಲ ರಾಘು. ಹಿರಿಯರು ಹೇಳಿದ್ದನ್ನು ಮೊದಲು ಶ್ರದ್ಧೆಯಿಂದ ಕೇಳಬೇಕು.

ರಾಘು: ದೊಡ್ಡಪ್ಪ, ಹಿರಿಯರು ಹೇಳಿದ್ದೇ ಆದರೆ ಯಾವ ಹಿರಿಯರು ಅಂತ ಕೇಳಿದೆ ಅಷ್ಟೆ.

ದೊಡ್ಡಪ್ಪ: ನೀನು ನಮ್ಮ ಗೃಹಪ್ರವೇಶಕ್ಕೂ ಹೀಗೇ. ಯಾವ ಶಾಸ್ತ್ರದಲ್ಲಿದೆ ಅಂತ ಪುರೋಹಿತರನ್ನೇ ಕೇಳಿದವನು.

ಗೃಹಪ್ರವೇಶದ ಮಾತು ಬಂದ ಮೇಲೆ ಜಲದಂತನನ್ನು ಕೇಳುವವರು ಯಾರೂ ಇರಲಿಲ್ಲ. ಅವತ್ತು ಪಂಕ್ತಿಯಲ್ಲಿ ಯಾರಿಗೆ ಹೋಳಿಗೆ ಸಿಗಲಿಲ್ಲ ಅನ್ನುವವರೆಗೂ ಹೋಯಿತು. ಕೊನೆಗೆ ಚಂದ್ರು ಚಿಕ್ಕಪ್ಪ ಬಂದರು. ಅಗ್ನಿಶಾಮಕ ದಳದಲ್ಲೇ ದುಡಿದು ನಿವೃತ್ತರಾದವರು.

ಚಂದ್ರು ಚಿಕ್ಕಪ್ಪ: ಅಣ್ಣ, ಶ್ರದ್ಧೆ ಇರಲಿ. ಆದರೆ ಉಸಿರು ಹಿಡಿದುಕೊಂಡು ಹೊಗೆಯೊಳಗೆ ನುಗ್ಗಬೇಕು ಅಂತ ಯಾವ ಮಗುವೂ ನಂಬಬಾರದು. ಹೊಗೆ ಮೇಲೆ ಏರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಬಗ್ಗಿ, ತೆವಳಿಕೊಂಡು ಹೊರಗೆ ಬರಬೇಕು. ಒಳಗೆ ಹೋಗುವ ನಾವು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೋಗುತ್ತೇವೆ. ಇನ್ನೊಂದು, ಏಪ್ರಿಲ್ 14 ಯಾಕೆ ಅಗ್ನಿಶಾಮಕ ದಿನ ಅಂತ ಈ ಗುಂಪಿನಲ್ಲಿ ಎಷ್ಟು ಜನರಿಗೆ ಗೊತ್ತು? 1944ರಲ್ಲಿ ಅವತ್ತು ಬಾಂಬೆ ಬಂದರಿನಲ್ಲಿ ಹಡಗು ಸ್ಫೋಟವಾಗಿ 66 ಅಗ್ನಿಶಾಮಕರು ಸತ್ತರು. ಅವರನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಸರೋಜತ್ತೆ: ಚಂದ್ರು, ನಾನು ಒಳ್ಳೆಯದು ಅಂತ ಹಾಕಿದೆನಪ್ಪ. ಎಲ್ಲರೂ ನನ್ನ ಮೇಲೇ ಬೀಳುತ್ತೀರಲ್ಲ.

ಮಂಜಣ್ಣ: ಬೆಂಕಿ ಅಂದ ತಕ್ಷಣ ನೆನಪಾಯಿತು. ಅಜ್ಜಿ ಮನೆ ಹುಲ್ಲಿನ ಮೆದೆ ಹತ್ತಿಕೊಂಡ ದೀಪಾವಳಿ! ಬಾವಿಯಿಂದ ಸಾಲಾಗಿ ನಿಂತು ಬಿಂದಿಗೆ ದಾಟಿಸಿದ್ದು. ಅಜ್ಜಿ ಒದ್ದೆ ಗೋಣಿಚೀಲ ಹಿಡಿದು ಬಡಿಯುತ್ತಿದ್ದರು. ಆಮೇಲೆ ಎಲ್ಲರಿಗೂ ಬಿಸಿಬಿಸಿ ಉಪ್ಪಿಟ್ಟು. ಎಂಥ ದಿನಗಳು ಅಲ್ವಾ?

ದೊಡ್ಡಪ್ಪ: ರಾಕೆಟ್ ಬಿಟ್ಟವನು ರಾಘು.

ರಾಘು: ನಾನಲ್ಲ! ಎಷ್ಟು ವರ್ಷ ಇದನ್ನೇ ಹೇಳುತ್ತೀರಿ? ಬಾಟಲಿ ಇಟ್ಟಿದ್ದು ನಾನು. ಹಚ್ಚಿದ್ದು ಮಂಜಣ್ಣ.

ಮಂಜಣ್ಣ: ಈಗ ಅದೆಲ್ಲ ಯಾಕೆ ಬಿಡು.

ಅಷ್ಟರಲ್ಲಿ ನಾನು ಮನೆಯಲ್ಲಿದ್ದ ಆದಿಪರ್ವ ತೆಗೆದಿದ್ದೆ. ಅಲ್ಲಿರುವ ಕಥೆ ಆ ಫಾರ್ವರ್ಡ್‌ಗಿಂತ ಚೆನ್ನಾಗಿದೆ. ಅದನ್ನೇ ಬರೆದು ಹಾಕಿದೆ.

ನಾನು: ಜಲದಂತ, ತುಂತುರು, ಕಬಡ್ಡಿ, ಯಾವುದೂ ಮಹಾಭಾರತದಲ್ಲಿಲ್ಲ. ಆದರೆ ಏಳು ಸಲ ಅನ್ನುವುದು ನಿಜಕ್ಕೂ ಇದೆ. ಶ್ವೇತಕಿ ರಾಜನ ಯಜ್ಞದಲ್ಲಿ ಹನ್ನೆರಡು ವರ್ಷ ತುಪ್ಪ ಕುಡಿದು ಅಗ್ನಿಗೆ ಅಜೀರ್ಣವಾಯಿತು. ಖಾಂಡವ ವನವನ್ನು ತಿಂದರೆ ವಾಸಿಯಾಗುತ್ತದೆ ಅಂತ ಬ್ರಹ್ಮ ಹೇಳಿದ. ಅಗ್ನಿ ಹೋಗಿ ಹೊತ್ತಿಕೊಂಡ. ಆಗ ಕಾಡಿನ ಆನೆಗಳು ಸಾವಿರಗಟ್ಟಲೆ ಬಂದು ಸೊಂಡಿಲಲ್ಲಿ ನೀರು ತಂದು ಸುರಿದವು. ಹಲವು ಹೆಡೆಯ ನಾಗಗಳು ಹೆಡೆಯಲ್ಲೇ ನೀರು ತಂದು ಎರಚಿದವು. ಉಳಿದ ಪ್ರಾಣಿಗಳೂ ಕೈಲಾದ್ದು ಮಾಡಿದವು. ಏಳು ಸಲ ಹಚ್ಚಿದ, ಏಳು ಸಲವೂ ಆರಿಸಿದವು. ಆ ಫಾರ್ವರ್ಡ್ ಬರೆದವರು ಯಾರೋ ಮೂಲವನ್ನು ಓದಿ, ಅದರ ಮೇಲೆ ತಮ್ಮ ತಂಡ ಕಟ್ಟಿದ್ದಾರೆ.

ಸುಮಕ್ಕ: ನಾನು ನಿಖಿಲ್, ಅಮ್ಮನ ಫೋನಿಂದ. ಚಿಕ್ಕಮ್ಮ, ಅದು ನಾನು ಬರೆದಿದ್ದು. ನನ್ನ ಕಾಮಿಕ್ಸ್ ಟೀಮ್. ಫ್ರೆಂಡ್‌ಗೆ ಕಳಿಸಿದ್ದೆ. ‘ಕಾಲ್ಪನಿಕ ಕಥೆ, ಬರೆದವರು ನಿಖಿಲ್’ ಅಂತ ಮೇಲೆ ಹಾಕಿದ್ದೆ. ಯಾರೋ ತೆಗೆದಿದ್ದಾರೆ. ‘ಶಾಲೆಯಲ್ಲಿ ಕಲಿಸದ ಸತ್ಯ’ ನಾನು ಬರೆದಿಲ್ಲ.

ರಾಘು: ಅದನ್ನೇ ನಾನು ಹೇಳಿದ್ದು!

ದೊಡ್ಡಪ್ಪ: ಪುರಾಣವನ್ನು ಆಟ ಮಾಡಬಾರದು ಮಗು.

ನಾನು: ದೊಡ್ಡಪ್ಪ, ಹದಿಮೂರರ ಹುಡುಗ ಆದಿಪರ್ವದ ಒಂದು ಮೂಲೆಯಿಂದ ಆನೆಗಳನ್ನು ಹುಡುಕಿ ತೆಗೆದಿದ್ದಾನೆ. ಅವನು ತಪ್ಪು ಮಾಡಿಲ್ಲ. ಅವನ ಹೆಸರು ತೆಗೆದು, ಕಥೆಯನ್ನು ಸತ್ಯ ಅಂತ ಮಾಡಿದವರದು ತಪ್ಪು. ಅತ್ತೆ, ದಯವಿಟ್ಟು ನೀವು ಕಳಿಸಿದ ಕಡೆಯೆಲ್ಲ ಅವನ ಹೆಸರು ಸೇರಿಸಿ ಮತ್ತೆ ಹಾಕಿ.

ಸರೋಜತ್ತೆ: ನಮ್ಮ ನಿಖಿಲನಾ? ಮೊದಲೇ ಹೇಳಬಾರದಾ ಕಂದ. ಭಜನೆ ಗುಂಪಿಗೆ ಈಗಲೇ ಹಾಕುತ್ತೇನೆ.

ಚಂದ್ರು ಚಿಕ್ಕಪ್ಪ: ನಿಖಿಲ್, ಸೊಂಡಿಲು ಓದಿ ಖುಷಿಯಾಯಿತು. 2019ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಕೆಳಗೆ ದೊಡ್ಡ ಚೀಲ ನೇತುಹಾಕಿಕೊಂಡು ಬಂದು ನೀರು ಸುರಿದವು. ಆದರೆ ನೆಲದ ಮೇಲೆ ಲಂಟಾನ ಪೊದೆಗಳ ನಡುವೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವವರು ಮನುಷ್ಯರೇ. 2017ರಲ್ಲಿ ಅಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು. ನಿನ್ನ ಟೀಮಿನಲ್ಲಿ ಕಾಡು ಕಾಯುವ ಒಬ್ಬ ವಾಚರ್ ಇರಲಿ. ಮತ್ತೆ ಆ ಉಸಿರಿನದ್ದು ತಿದ್ದು.

ಸುಮಕ್ಕ: ನಿಖಿಲ್. ಸರಿ ತಾತ. ಎಲ್ಲರಿಗೂ ಮಾಸ್ಕ್ ಬಿಡಿಸುತ್ತೇನೆ. ಚಿಕ್ಕಮ್ಮ, ಎಂಟನೇ ಸಲ ಏನಾಯಿತು? ಅರ್ಜುನ ಯಾವ ಟೀಮ್?

ನಾನು: ಅಗ್ನಿಯ ಟೀಮ್. ಗಾಂಡೀವ ಅವನಿಗೆ ಸಿಕ್ಕಿದ್ದೇ ಆಗ. ಇಂದ್ರ ಮಳೆ ಸುರಿಸಿದ, ಅರ್ಜುನ ಬಾಣಗಳಿಂದಲೇ ಅದನ್ನು ತಡೆದ. ಕಾಡು ಸುಟ್ಟುಹೋಯಿತು.

ದೊಡ್ಡಪ್ಪ: ಅರ್ಜುನನನ್ನು ಖಳನಾಯಕ ಮಾಡಬೇಡ. ಕೃಷ್ಣನೂ ಜೊತೆಯಲ್ಲಿದ್ದ. ಅದಕ್ಕೆ ಕಾರಣ ಇರುತ್ತದೆ.

ರಾಘು: ದೊಡ್ಡಪ್ಪ, ಆನೆಗಳಿಗೂ ಕಾರಣ ಇತ್ತು. ಅದು ಅವುಗಳ ಮನೆ.

ಇದಕ್ಕೆ ದೊಡ್ಡಪ್ಪ ಉತ್ತರ ಕೊಡಲಿಲ್ಲ. ಇಡೀ ಚರ್ಚೆಯಲ್ಲಿ ರಾಘು ಆಡಿದ ಒಳ್ಳೆಯ ಮಾತು ಅದು. ಮಂಜಣ್ಣ ಮೆದೆಯ ಹಳೆಯ ಫೋಟೋ ಹುಡುಕುತ್ತೇನೆ ಅಂದ.

ಸುಮಕ್ಕ: ನಿಖಿಲ್. ಯಾರೂ ಉಳಿಯಲಿಲ್ವಾ?

ನಾನು: ಕೆಲವರು ಉಳಿದರು. ಮಯ ಎಂಬ ದಾನವ ಉಳಿದ, ಅಶ್ವಸೇನ ಎಂಬ ನಾಗ ಉಳಿದ. ಮತ್ತೆ ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ರೆಕ್ಕೆ ಬಲಿತಿರಲಿಲ್ಲ. ಅಗ್ನಿಯನ್ನೇ ಸ್ತುತಿಸಿ ಬದುಕಿಕೊಂಡವು.

ಸುಮಕ್ಕ: ನಿಖಿಲ್. ಹಾಗಾದರೆ ಅವು ಎದುರು ಟೀಮಿಗೆ ಸೇರಿಕೊಂಡವು. ಆದರೂ ಪರವಾಗಿಲ್ಲ, ಚಿಕ್ಕವು. ಮುಂದಿನ ಸೀಸನ್‌ಗೆ ನಾವೇ ವಾಪಸ್ ತಗೋತೀವಿ.