ಸಹಾಯ ಬೇಕು: ಮೊಟ್ಟೆ ನಿಲ್ಲಿಸದ ಕಾಕಟೀಲ್ (ಪುಣೆ)

ಕೋಥ್ರೂಡ್‌ನಲ್ಲಿರುವ ಒಂಟಿ ಹೆಣ್ಣು ಕಾಕಟೀಲ್ (ಗಿಳಿ ಜಾತಿಯ ಸಣ್ಣ ಸಾಕುಹಕ್ಕಿ). ಗಂಡಿಲ್ಲದಿದ್ದರೂ ದಿನ ಬಿಟ್ಟು ದಿನ ಮೊಟ್ಟೆ. ಇದು ಮೂರನೇ ಸುತ್ತು, ಇಲ್ಲಿವರೆಗೆ 5. ಹಿಂದಿನ ಸಲ ಇಟ್ಟಿಟ್ಟ ಹಾಗೇ ತೆಗೆದದ್ದು ನಮ್ಮ ತಪ್ಪು. ಅಡಿಯಲ್ಲಿ ಮೊಟ್ಟೆ ಇಲ್ಲದಿದ್ದರೆ ಲೆಕ್ಕ ತುಂಬಿಸಲು ಹಕ್ಕಿ ಮತ್ತೆ ಇಡುತ್ತದೆ. ಈಗ ಪ್ರತಿ ಮೊಟ್ಟೆಯನ್ನೂ 10 ನಿಮಿಷ ಕುದಿಸಿ, ಪೂರ್ತಿ ಆರಿಸಿ, ಪೆನ್ಸಿಲ್‌ನಲ್ಲಿ ತಾರೀಖು ಬರೆದು ಅದರಡಿಗೇ ವಾಪಸ್ ಇಡುತ್ತಿದ್ದೇವೆ. ಸುಮಾರು 21 ದಿನ ಕಾವು ಕೂತು ತಾನೇ ಬಿಟ್ಟು ಏಳಲಿ ಅಂತ.

ಹಾಲ್‌ನ ಟ್ಯೂಬ್‌ಲೈಟ್ ರಾತ್ರಿ 11ರವರೆಗೆ ಉರಿಯುತ್ತಿತ್ತು, ಹಕ್ಕಿಗೆ ಇದು ಉದ್ದ ಹಗಲಿನ, ಮರಿ ಮಾಡುವ ಕಾಲ ಅನ್ನಿಸುತ್ತಿತ್ತು. ಈಗ ಸಂಜೆ 6.30ಕ್ಕೇ ಪಂಜರ ಒಳಕೋಣೆಗೆ, 12–14 ತಾಸು ಕತ್ತಲು. ಜೋಡಿ, ಗೂಡು ನೆನಪಿಸುವ ಕನ್ನಡಿ, ಕಾಗದದ ಚೂರು, ಸೋಫಾ ಸಂದು ಎಲ್ಲ ಬಂದ್. ಬೆನ್ನು ಸವರುವುದೂ ಬಂದ್, ತಲೆ ಮಾತ್ರ.

ಭಯ ಇರುವುದು ಕ್ಯಾಲ್ಸಿಯಂ ಕೊರತೆಯ ಬಗ್ಗೆ. ಕೊನೆಯ ಮೊಟ್ಟೆಯ ಸಿಪ್ಪೆ ಬೆರಳು ತಾಗಿದರೆ ತಗ್ಗಾಗುವಷ್ಟು ತೆಳು. ಬರೀ ನವಣೆ, ಸೂರ್ಯಕಾಂತಿ ತಿನ್ನುತ್ತದೆ, ಕಟಲ್‌ಬೋನ್ (ಕ್ಯಾಲ್ಸಿಯಂಗಾಗಿ ಪಂಜರದಲ್ಲಿಡುವ ಕಡಲಜೀವಿಯ ಚಿಪ್ಪು) ಮೂಸುವುದಿಲ್ಲ. ಉಬ್ಬಿಕೊಂಡು ಪಂಜರದ ತಳದಲ್ಲಿ ಕೂತು, ಬಾಲ ಕುಣಿಸುತ್ತಾ ತಿಣುಕಿದರೆ ಮೊಟ್ಟೆ ಒಳಗೇ ಸಿಕ್ಕಿಬಿದ್ದಂತೆ. ಆಗ ಮನೆಮದ್ದಿಗೆ ಸಮಯವೇ ಇರುವುದಿಲ್ಲ.

ಬೇಕಾದದ್ದು: ಹಕ್ಕಿಗಳಿಗೆ ಎಕ್ಸ್‌ರೇ, ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡುವ, ಡೆಸ್ಲೊರೆಲಿನ್ ಇಂಪ್ಲಾಂಟ್ (ಮೊಟ್ಟೆ ತಡೆಯಲು ಚರ್ಮದಡಿ ಇಡುವ ಹಾರ್ಮೋನ್ ಮದ್ದು) ಹಾಕಿ ಅನುಭವವಿರುವ ಡಾಕ್ಟರು. ಮುಂಬೈ ಆದರೂ ಸರಿ. ಹಟಮಾರಿ ಹಕ್ಕಿಯನ್ನು ಕಾಳಿನಿಂದ ಪೆಲೆಟ್‌ಗೆ (ಹಕ್ಕಿಗಳ ಸಿದ್ಧ ಆಹಾರದ ಉಂಡೆ) ತಂದವರು ಎಷ್ಟು ವಾರ ಹಿಡಿಯಿತು, ತೂಕ ಹೇಗೆ ನೋಡಿಕೊಂಡಿರಿ ಅಂತ ಬರೆಯಿರಿ. ಜೋಡಿ ತನ್ನಿ ಅನ್ನುವ ಸಲಹೆ ದಯವಿಟ್ಟು ಬೇಡ, ಅದರಿಂದ ಮೊಟ್ಟೆ ಹೆಚ್ಚೇ ಆಗುತ್ತದೆ.