ಏರ್ ರೈಫಲ್‌ಗೆ ‘ಮೂತಿ’ಯೋ ‘ಬಾಯಿ’ಯೋ? ಜೊತೆಗೆ ‘ನಿಖರತೆ’ಯ ತಕರಾರು

ನಮಸ್ಕಾರ. ಏರ್ ರೈಫಲ್ ಕಲಿಯುವವರಿಗೆಂದು ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂಡಿ ನಿಂತುಬಿಟ್ಟಿದೆ.

ಒಂದು, ಮಝಲ್, ಅಂದರೆ ನಳಿಗೆಯಲ್ಲಿ ಗುಂಡು ಹೊರಬೀಳುವ ತುದಿ. ಜೊತೆಗೆ ಬರೆಯುತ್ತಿರುವ ಗೆಳೆಯರು ಕರಡಿನಲ್ಲಿ ‘ಬಾಯಿಕುಕ್ಕೆ’ ಎಂದು ಹಾಕಿದ್ದರು. ಇಂಗ್ಲಿಷಿನ ಮಝಲ್‌ಗೆ ಆ ಅರ್ಥವೂ ಇದೆ, ಆದರೆ ಅದು ದನದ ಬಾಯಿಗೆ ಕಟ್ಟುವ ಬುಟ್ಟಿ. ನಳಿಗೆಗೆ ಕಟ್ಟಿದರೆ ಗುಂಡು ಹೊರಗೆ ಬಂದೀತೇ! ಚೀಲದ ಬಾಯಿ, ಬಾವಿಯ ಬಾಯಿ ಇದ್ದ ಹಾಗೆ ‘ನಳಿಗೆಯ ಬಾಯಿ’ ಅನ್ನೋಣ ಎಂದುಕೊಂಡೆ. ಆದರೆ ಗುಂಡು ತುಂಬುವ ಕಡೆಯೂ ಒಂದು ಬಾಯಿಯೇ ಅಲ್ವಾ? ಹಾಗಾಗಿ ಸದ್ಯಕ್ಕೆ ‘ಮೂತಿ’ ಇಟ್ಟುಕೊಂಡಿದ್ದೇನೆ.

ನಿಜವಾದ ತಲೆನೋವು ಎರಡನೆಯದು. ‘ಮೂತಿಗೆ ಏನಾದರೂ ಸಿಕ್ಕಿಸಿದರೆ ನಿಖರತೆ ಬದಲಾಗುತ್ತದೆ’ ಎಂದು ಬರೆದೆ. ಓದಿದವರು ‘ಬದಲಾಗುತ್ತದೆ ಅಂದರೆ ಏನಾಗುತ್ತದೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಮೂತಿಯ ಹತ್ತಿರ ತೂಕದ ಬಳೆ ಹಾಕಿದರೆ ನಳಿಗೆ ಅದುರುವ ರೀತಿ ಬದಲಾಗುತ್ತದೆ. ಸಾಮಾನ್ಯವಾಗಿ ಏಟುಗಳೆಲ್ಲ ಒಟ್ಟಿಗೆ ಬೇರೆ ಜಾಗಕ್ಕೆ ಹೋಗಿ ಬೀಳುತ್ತವೆ. ಗುರಿ ನೋಡುವ ಸೈಟಿನ ತಿರುಪು ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು. ಮೂತಿಗೆ ಹಾಕುವ, ನಡುವೆ ತೂತಿರುವ, ಗಾಳಿ ಚದುರಿಸುವ ಟೊಪ್ಪಿಯ ಕತೆ ಬೇರೆ. ಗುಂಡು ಹೊರಬಿದ್ದ ಕ್ಷಣ ಅದನ್ನು ತಳ್ಳಿದ ಹಿಂದಿನ ಗಾಳಿ ಅದಕ್ಕಿಂತ ಜೋರಾಗಿ ನುಗ್ಗಿ ಬರುತ್ತದೆ. ಗುಂಡು ಡಮರುವಿನ ಹಾಗೆ ನಡು ಸಣ್ಣ, ಹಿಂಭಾಗ ಟೊಳ್ಳು. ಆ ಟೊಳ್ಳಿನ ಅಂಚಿಗೆ ಗಾಳಿ ಒಂದು ಕಡೆಯಿಂದ ಬಡಿದರೆ ಗುಂಡು ಓಲಾಡುತ್ತದೆ. ಟೊಪ್ಪಿ ಆ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆದರೆ ಅದೇ ಟೊಪ್ಪಿ ಕೂದಲೆಳೆಯಷ್ಟು ಸೊಟ್ಟಗೆ ಕೂತರೆ ಗುಂಡು ಅದರ ತೂತನ್ನು ಸವರಿಕೊಂಡು ಹೋಗುತ್ತದೆ. ಆಗ ಏಟುಗಳು ಚೆಲ್ಲಾಪಿಲ್ಲಿ. ಯಾವ ತಿರುಪಿನಿಂದಲೂ ಸರಿಹೋಗುವುದಿಲ್ಲ. ನನ್ನ ಟೊಪ್ಪಿಯೊಂದನ್ನು ಬಿಚ್ಚಿ ಒಳಗೆ ಹತ್ತಿ ಕಡ್ಡಿ ಆಡಿಸಿದೆ. ಒಂದೇ ಮಗ್ಗುಲಿನಲ್ಲಿ ಸೀಸದ ಬೂದು ಗೆರೆ! 10 ಮೀಟರ್ ಸ್ಪರ್ಧೆಯಲ್ಲಿ ಗುಂಡು 4.5 ಮಿ.ಮೀ., ಗುರಿಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಅಲ್ಲಿ ಇಷ್ಟು ಸವರಿದರೂ ಜಾಸ್ತಿಯೇ.

ಎರಡಕ್ಕೂ ‘ನಿಖರತೆ ತಪ್ಪಿತು’ ಎಂದರೆ ಕಲಿಯುವವನು ಸುಮ್ನೆ ತಿರುಪು ತಿರುಗಿಸುತ್ತಾ ಕೂರುತ್ತಾನೆ. ಎರಡನೆಯದಕ್ಕೆ ‘ಏಟು ಚೆದುರಿತು’ ಸಾಕು. ಮೊದಲನೆಯದಕ್ಕೆ ‘ಏಟು ಸರಿಯಿತು’ ಎಂದು ಬರೆದೆ. ಗಟ್ಟಿಯಾಗಿ ಓದಿಸಿದಾಗ ಕೇಳಿದವರು ‘ಸರಿಯಾಯಿತು’ ಎಂದುಕೊಂಡು ಖುಷಿಪಟ್ಟರು. ಒಂದು ಅಕ್ಷರದಲ್ಲಿ ಅರ್ಥ ತಲೆಕೆಳಗು!

‘ಜರುಗಿತು’ ಎನ್ನಬಹುದೇ? ‘ನಡೆಯಿತು’ ಎಂಬ ಅರ್ಥ ಅಡ್ಡ ಬರುತ್ತದೇನೋ ಎಂಬ ಅಳುಕು. ‘ವಾಲಿತು’ ಎಂದರೆ ನಳಿಗೆಯೇ ಬಾಗಿದ ಹಾಗೆ ಕೇಳಿಸುತ್ತದೆ. ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ. ‘ಮೂತಿ’ಗೆ ಯಾರದಾದರೂ ತಕರಾರಿದ್ದರೆ ಅದನ್ನೂ.